ಮನೆಮಾತು ರಂಗಕ್ಕೇರುವ ಬಗೆ

ನಾಟಕವೆಂದೊಡನೆ ನಮ್ಮಲ್ಲಿ ಬಹುಜನರ ಕಣ್ಣೆದುರಿಗೆ ಬರುವುದು ಕಿರೀಟ, ಭುಜಕೀರ್ತಿ, ಬಣ್ಣದ ಪರದೆ, ಎತ್ತರದ ದನಿಯ ಸಂಭಾಷಣೆ. ಬಸವ ಜಯಂತಿಯ ಸಂಜೆ ಮಠದ ಅಂಗಳದಲ್ಲಿ ಮಕ್ಕಳು ಆಡುವ ರೂಪಕವಾಗಲಿ, ಜಾತ್ರೆಯಲ್ಲಿ ತಂಬು ಹೊಡೆದ ಕಂಪನಿಯ ಪ್ರಯೋಗವಾಗಲಿ, ರಂಗದ ಮೇಲಿನ ಮಾತು ಮನೆಯ ಮಾತಿನಂತಿರಕೂಡದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಹುಬ್ಬಳ್ಳಿಯ ಕಡೆಯ ಬಾಲಕನೊಬ್ಬ ರಂಗಕ್ಕೆ ಬಂದೊಡನೆ, ತನ್ನ ತಾಯಿಯೊಡನೆ ಹುಟ್ಟಿದಂದಿನಿಂದ ಆಡದ ಭಾಷೆಯಲ್ಲಿ, ‘ತಾಯೇ, ನಾನಿನ್ನು ಹೊರಡುವೆನು, ಅಪ್ಪಣೆಯನ್ನು ದಯಪಾಲಿಸು’ ಎನ್ನುತ್ತಾನೆ. ಮನೆಯಲ್ಲಾದರೆ ಅವನು ಹೇಳುವುದು ‘ಯವ್ವಾ, ಹೋಗಿ ಬರ್ತೀನಿ’ ಎಂದು. ಈ ಎರಡು ವಾಕ್ಯಗಳಲ್ಲಿ ನಾಟಕವಿರುವುದು ಯಾವುದರಲ್ಲಿ ಎಂದು ಯಾರಾದರೂ ಕೇಳಿದರೆ ನಾನು ಎರಡನೆಯದನ್ನೇ ತೋರಿಸುವೆನು. ಹೊರಡುವವನು ‘ಹೋಗುತ್ತೇನೆ’ ಎಂದಷ್ಟೇ ಹೇಳಕೂಡದು, ಮರಳಿ ಬರುವ ಭರವಸೆಯನ್ನು ಕೂಡಿಸಿಯೇ ಹೇಳಬೇಕು ಎಂಬ ನಮ್ಮ ಮನೆಗಳ ರೂಢಿಯಲ್ಲಿ ಅಗಲಿಕೆಯ ಅಂಜಿಕೆ ಅಡಗಿದೆ. ಸೈನ್ಯಕ್ಕೆ ಹೊರಟ ಮಗ ಹೊಸ್ತಿಲಲ್ಲಿ ನಿಂತು ಆ ಎರಡು ಶಬ್ದಗಳನ್ನು ಆಡಿದರೆ ಸಾಕು, ಪ್ರೇಕ್ಷಕರಿಗೆ ಮತ್ತೇನನ್ನೂ ವಿವರಿಸಬೇಕಾಗಿಲ್ಲ.

ದಿನನಿತ್ಯದ ಮಾತುಕತೆಯನ್ನು ನಾಟಕವಾಗಿಸುವುದು ರಂಗಕರ್ಮಿಗಳಿಗೆ ಮಾತ್ರ ಸೇರಿದ ವಿಷಯವೆಂದು ವಾಚಕರು ಭಾವಿಸಬಾರದು. ಯಾರ ಮಾತನ್ನು ಗಂಭೀರವಾಗಿ ಕೇಳಬೇಕು, ಯಾರ ಮಾತಿಗೆ ನಕ್ಕು ಸುಮ್ಮನಾಗಬೇಕು ಎಂಬ ತೀರ್ಮಾನ ಅದರೊಳಗಿದೆ. ನಮ್ಮ ಹಳೆಯ ಮನೆಗಳಲ್ಲಿ ಪಡಸಾಲೆಗೂ ಅಡುಗೆಮನೆಗೂ ನಡುವೆ ಗೋಡೆಯೊಂದಿರುತ್ತಿತ್ತಲ್ಲವೆ? ರಂಗಭೂಮಿಯ ಭಾಷೆಯಲ್ಲಿಯೂ ಅಂತಹ ಒಂದು ಗೋಡೆ ಬಹುಕಾಲದಿಂದ ಇದ್ದಿತು.

ಸಂಸ್ಕೃತ ನಾಟಕಗಳಲ್ಲಿ ಅದು ಶಾಸ್ತ್ರರೂಪದಲ್ಲಿಯೇ ಇದೆ. ಭರತನ ನಾಟ್ಯಶಾಸ್ತ್ರ ಪಾತ್ರಗಳ ಅಂತಸ್ತನ್ನು ನೋಡಿ ಭಾಷೆಯನ್ನು ಹಂಚಿಕೊಟ್ಟಿದೆ. ಅದರಂತೆ ಸಾಮಾನ್ಯವಾಗಿ ರಾಜರಿಗೆ, ಋಷಿಗಳಿಗೆ ಸಂಸ್ಕೃತ. ಸ್ತ್ರೀಯರಿಗೆ, ಸೇವಕರಿಗೆ, ವಿದೂಷಕನಿಗೆ ಪ್ರಾಕೃತ. ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತ ಸಂಸ್ಕೃತದಲ್ಲಿ ನುಡಿದರೆ ಶಕುಂತಲೆ ಪ್ರಾಕೃತದಲ್ಲಿ ಉತ್ತರಿಸುತ್ತಾಳೆ. ಪರಸ್ಪರ ಒಲಿದ ಇಬ್ಬರು ಎರಡು ಭಾಷೆಗಳಲ್ಲಿ ಮಾತನಾಡುತ್ತಾರೆ! ಇನ್ನೂ ಒಂದು ಸ್ವಾರಸ್ಯವುಂಟು. ಪಾಠಶಾಲೆಗಳಲ್ಲಿ ಈ ನಾಟಕವನ್ನು ಓದಿಸುವಾಗ ಪ್ರಾಕೃತ ಮಾತುಗಳಿಗೆ ಕೊಟ್ಟಿರುವ ಸಂಸ್ಕೃತ ಛಾಯೆಯನ್ನೇ ಓದಿ ಮುಂದಕ್ಕೆ ಸಾಗುವುದು ರೂಢಿ. ಹೀಗಾಗಿ ಶಕುಂತಲೆಯ ಬಾಯಿಂದ ಹೊರಟ ಮಾತಿನ ಸದ್ದು ವಿದ್ಯಾರ್ಥಿಗಳ ಕಿವಿಗೆ ಬೀಳುವುದೇ ಇಲ್ಲ.

ಕನ್ನಡದಲ್ಲಿ ಹೊಸಕಾಲದ ರಂಗಭೂಮಿ ತಲೆಯೆತ್ತಿದಾಗ, ಅಂದರೆ ಮೈಸೂರು ಅರಮನೆಯ ಆಶ್ರಯದಲ್ಲಿ ಬಸವಪ್ಪ ಶಾಸ್ತ್ರಿಗಳಂತಹ ವಿದ್ವಾಂಸರು ಶಾಕುಂತಲವನ್ನು ಕನ್ನಡಕ್ಕೆ ತಂದ ಕಾಲದಲ್ಲಿ, ಪ್ರೌಢ ಭಾಷೆಯೇ ನಾಟಕಕ್ಕೆ ಶೋಭೆಯೆಂದು ಎಲ್ಲರೂ ತಿಳಿದಿದ್ದರು. ಅದರಲ್ಲಿ ತಪ್ಪೇನೂ ಇಲ್ಲ; ಆ ಭಾಷೆಗೆ ಅದರದೇ ಆದ ಗಾಂಭೀರ್ಯವಿದೆ. ಅನಂತರ ಬಂದ ವೃತ್ತಿ ಕಂಪನಿಗಳು ಇದೇ ದಾರಿಯನ್ನು ಹಿಡಿದವು. ನಾಯಕ ನಾಯಿಕೆಯರು ಗ್ರಾಂಥಿಕದಲ್ಲಿ ಮಾತನಾಡುತ್ತಿದ್ದರು. ಆಡುಮಾತಿಗೆ ಅಲ್ಲಿ ಎಡೆಯೇ ಇರಲಿಲ್ಲವೆಂದಲ್ಲ. ಹಾಸ್ಯ ಪಾತ್ರಗಳಿಗೆ ಅದನ್ನು ಧಾರಾಳವಾಗಿ ಬಿಟ್ಟುಕೊಟ್ಟಿದ್ದರು. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯನ್ನು ಮುಂದೆ ನಾಡಿಗೆಲ್ಲ ಪರಿಚಯಿಸಿದ ವೀರಣ್ಣನವರು ‘ಸದಾರಮೆ’ಯ ಕಳ್ಳನ ಪಾತ್ರದಿಂದ ಮನೆಮಾತಾದರು. ಜನ ಟಿಕೀಟು ಕೊಂಡು ಬರುತ್ತಿದ್ದುದು ಆ ಕಳ್ಳನ ಮಾತನ್ನು ಕೇಳಲಿಕ್ಕೆ. ತಮ್ಮಂತೆಯೇ ಮಾತನಾಡುವವನು ರಂಗದ ಮೇಲೆ ಬಂದಾಗ ಅವರು ಹರ್ಷಪಟ್ಟರು. ಆದರೆ ತಮ್ಮಂತೆ ಮಾತನಾಡುವವರು ಕಳ್ಳನೋ ಪೆದ್ದನೋ ಆಗಿರಬೇಕು ಎಂಬ ಏರ್ಪಾಡನ್ನು ಯಾರೂ ಪ್ರಶ್ನಿಸಿದಂತೆ ಕಾಣುವುದಿಲ್ಲ. ಇಂದಿಗೂ ಕನ್ನಡ ಚಲನಚಿತ್ರಗಳಲ್ಲಿ ಉತ್ತರ ಕರ್ನಾಟಕದ ಮಾತು ಎಷ್ಟು ಸಲ ನಗೆಗಾಗಿಯೇ ಬರುತ್ತದೆಂಬುದನ್ನು ಧಾರವಾಡ, ಬಿಜಾಪುರ ಕಡೆಯ ನಮ್ಮ ವಾಚಕರಿಗೆ ನಾನು ಹೇಳಬೇಕಾಗಿಲ್ಲ.

ಈ ಗೋಡೆಗೆ ಮೊದಲು ಕಿಂಡಿ ಕೊರೆದವರು ಉತ್ತರ ಕನ್ನಡದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು. 1887ರಲ್ಲಿ ಅವರು ಪ್ರಕಟಿಸಿದ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ ಹವ್ಯಕರು ಮನೆಯಲ್ಲಿ ಆಡುವ ಕನ್ನಡದಲ್ಲಿಯೇ ಇದೆ. ಅದರ ವಸ್ತು ಕನ್ಯಾವಿಕ್ರಯ. ಎಳೆಯ ಹೆಣ್ಣುಮಕ್ಕಳನ್ನು ಹಣ ತೆಗೆದುಕೊಂಡು ವಯಸ್ಸಾದವರಿಗೆ ಮದುವೆ ಮಾಡಿಕೊಡುವ ಪದ್ಧತಿಯನ್ನು ಖಂಡಿಸಲು ಶಾಸ್ತ್ರಿಗಳು ಉಪನ್ಯಾಸವನ್ನು ಬರೆಯಬಹುದಿತ್ತು. ಅದಕ್ಕೆ ಬೇಕಾದ ಪಾಂಡಿತ್ಯ ಅವರಲ್ಲಿತ್ತು. ಅವರು ಹಾಗೆ ಮಾಡದೆ ವ್ಯವಹಾರ ನಡೆಯುವ ಜಗಲಿಯ ಮಾತುಕತೆಯನ್ನೇ ರಂಗಕ್ಕೆ ತಂದರು. ಪುಸ್ತಕದ ಭಾಷೆಯಲ್ಲಿ ಬರೆದಿದ್ದರೆ ಓದಿದವರು ‘ಇದು ಎಲ್ಲಿಯೋ ನಡೆದದ್ದು’ ಎನ್ನಬಹುದಿತ್ತು. ತಮ್ಮ ಮನೆಯ ಮಾತಿನಲ್ಲಿಯೇ ಕೇಳಿಬಂದಾಗ ಹಾಗೆನ್ನುವುದು ಕಷ್ಟ.

ಕೈಲಾಸಂ ಅವರ ಸಂಗತಿ ಎಲ್ಲರಿಗೂ ತಿಳಿದದ್ದೇ. ಮನೆಮಾತು ತಮಿಳು, ಲಂಡನ್ನಿನಲ್ಲಿ ಓದಿದ್ದು ಭೂಗರ್ಭಶಾಸ್ತ್ರ. ಅಂತಹವರು 1918ರ ‘ಟೊಳ್ಳುಗಟ್ಟಿ’ಯಿಂದ ಹಳೆಯ ಮೈಸೂರಿನ ಮಧ್ಯಮ ವರ್ಗದ ಮನೆಗಳ ಕನ್ನಡವನ್ನು, ಅದಕ್ಕೆ ಅಂಟಿದ ಇಂಗ್ಲಿಷಿನ ಸಮೇತ, ರಂಗದ ನಡುವೆ ನಿಲ್ಲಿಸಿದರು. ಹೊರಗಿನವರ ಕಿವಿ ಚುರುಕಾಗಿರುತ್ತದೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಪರೀಕ್ಷೆ ಪಾಸು ಮಾಡುವ ಪುಟ್ಟು, ಪರೀಕ್ಷೆಗೆ ಒದಗದೆ ಮನೆಗೆ ಒದಗುವ ಮಾಧು, ಇಬ್ಬರೂ ನಮ್ಮ ಮನೆಯ ಹುಡುಗರಂತೆಯೇ ಮಾತನಾಡುತ್ತಾರೆ. ಜನ ನಕ್ಕರು, ಇಂದಿಗೂ ನಗುತ್ತಾರೆ. ಆ ನಗೆಯ ಬೆನ್ನಿಗೇ ನೋವು ಕಾದಿರುತ್ತದೆ ಎಂಬುದೇ ಕೈಲಾಸಂ ಅವರ ಹೆಚ್ಚುಗಾರಿಕೆ. ಅಲ್ಲಿಗೆ ಆಡುಮಾತು ವಿದೂಷಕನ ಊಳಿಗದಿಂದ ಅರ್ಧ ಬಿಡುಗಡೆ ಹೊಂದಿತೆನ್ನಬಹುದು.

ಉಳಿದ ಅರ್ಧದ ಬಿಡುಗಡೆಯ ಕಥೆ ಪಟ್ಟಣದ ರಂಗಮಂದಿರದಲ್ಲಿ ಆರಂಭವಾದುದಲ್ಲ. ಬೆಳಗಾವಿ ಸೀಮೆಯಲ್ಲಿ ಕುಲಗೋಡ ತಮ್ಮಣ್ಣನವರು ಆಟಕ್ಕೆ ಅಳವಡಿಸಿದ ಶ್ರೀಕೃಷ್ಣ ಪಾರಿಜಾತದಲ್ಲಿ ಹಾಡುಗಳು ನಿಶ್ಚಿತ. ನಡುವಿನ ಮಾತು ಬಹುಮಟ್ಟಿಗೆ ಆಡುವವರ ನಾಲಗೆಗೆ ಬಿಟ್ಟದ್ದು. ಕೌಜಲಗಿ ನಿಂಗಮ್ಮನವರು ಸತ್ಯಭಾಮೆಯಾಗಿ ಹೆಸರಾದದ್ದು ಈ ಆಟದಿಂದಲೇ. ಒಂದು ಹೂವು ಸವತಿಗೆ ಸಂದಿತೆಂದು ಮುನಿದ ಹೆಂಡತಿಯ ಮಾತು ದ್ವಾರಕೆಯದಾದರೇನು, ಗೋಕಾಕದ್ದಾದರೇನು? ಬೈಲಹೊಂಗಲದಲ್ಲಿ ನಡೆಯಿತೆಂದು ಹೇಳುವ ಕೊಲೆಯೊಂದರ ಸುತ್ತ ಕಟ್ಟಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿ ದೇವರೂ ಇಲ್ಲ, ಅರಸರೂ ಇಲ್ಲ. ಅಲ್ಲಿರುವುದು ಒಂದು ವ್ಯಾಪಾರಿ ಮನೆ, ಒಬ್ಬ ಹೆಂಗಸು, ಇಬ್ಬರು ಗೆಳೆಯರು ಮತ್ತು ಬೆಳಗಾವಿಯ ಕಡೆಯ ಮಾತು. ರಾತ್ರಿಯೆಲ್ಲ ಕುಳಿತ ಹಳ್ಳಿಗರು ಅದನ್ನು ಕೇಳಿ ಕಣ್ಣೀರು ಹಾಕುತ್ತಾರೆ. ಈ ಪರಂಪರೆಯ ಬಲದಿಂದಲೇ ಚಂದ್ರಶೇಖರ ಕಂಬಾರರು 1972ರ ‘ಜೋಕುಮಾರಸ್ವಾಮಿ’ಯಲ್ಲಿ ಮಕ್ಕಳಿಲ್ಲದ ಗೌಡತಿಯ ಸಂಕಟವನ್ನು ಅದೇ ಸೀಮೆಯ ಮಾತಿನಲ್ಲಿ ಹೇಳಿಸಿದರು. ಬೆಂಗಳೂರಿನ ಪ್ರೇಕ್ಷಕರು ಅದನ್ನು ದುಃಖದ ಮಾತಾಗಿಯೇ ಕೇಳಿದರು. ಕಳ್ಳನ ಕಾಲದಿಂದ ಇಲ್ಲಿಗೆ ಬರಲು ನಮಗೆ ಎಷ್ಟೊಂದು ವರ್ಷಗಳು ಬೇಕಾದವು!

ಇಷ್ಟು ತಡವಾಗಬೇಕಾದ ಕಾರಣವಿರಲಿಲ್ಲ ಎಂದು ನನಗೆ ಅನಿಸುವುದುಂಟು. ‘ವಚನ’ವೆಂಬ ಶಬ್ದದ ಅರ್ಥವೇ ಆಡಿದ ಮಾತು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಶೂನ್ಯಸಂಪಾದನೆಯನ್ನು ಕಟ್ಟುವಾಗ ಮಾಡಿದ್ದೇನು? ಬಿಡಿಬಿಡಿಯಾಗಿ ದೊರೆತ ವಚನಗಳನ್ನು ಮಾತಿಗೆ ಮಾತು ಹೊಂದುವಂತೆ ಜೋಡಿಸಿದರು. ನಡುವೆ ಗದ್ಯದ ಸಣ್ಣ ಎಳೆಯನ್ನು ಹಾಯಿಸಿದರು. ಅಷ್ಟರಿಂದಲೇ ಓದುಗನ ಕಣ್ಣೆದುರಿಗೆ ಬಾಗಿಲು ತೆರೆಯಿತು, ಒಬ್ಬರು ಒಳಬಂದರು, ಇನ್ನೊಬ್ಬರು ಎದ್ದು ನಿಂತರು. ಅನುಭವ ಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಪರೀಕ್ಷಿಸುವ ಭಾಗವನ್ನು ನಾವೆಲ್ಲ ಕೊಂಡಾಡುತ್ತೇವೆ. ಮನೆಮಾತಿನ ದೃಷ್ಟಿಯಿಂದ ನನಗೆ ಅದಕ್ಕಿಂತ ಪ್ರಿಯವಾದುದು ಆಯ್ದಕ್ಕಿ ದಂಪತಿಗಳ ಪ್ರಸಂಗ.

ಮಾರಯ್ಯ ಶರಣರ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಪ್ರಭುಗಳೊಡನೆ ಅನುಭಾವ ಗೋಷ್ಠಿಯಲ್ಲಿ ಮೈಮರೆತು ಕುಳಿತವನಿಗೆ ಕಾಯಕದ ಹೊತ್ತು ಮೀರಿದುದು ತಿಳಿಯಲಿಲ್ಲ. ಬಂದು ಎಚ್ಚರಿಸಿದವಳು ಹೆಂಡತಿ ಲಕ್ಕಮ್ಮ. ಆತ ಆತುರದಿಂದ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಆಕೆ ನೋಡಿದಳು, ಹೆಚ್ಚಿನ ಅಕ್ಕಿಯನ್ನು ತೆಗೆದುಕೊಂಡು ಹೋಗಿ ಅಲ್ಲಿಯೇ ಸುರಿದು ಬಾ ಎಂದಳು. ಇದರಲ್ಲಿ ನಡೆದುದೇನು? ಗಂಡ ಸಂತೆಯಿಂದ ತಂದ ಚೀಲವನ್ನು ಹೆಂಡತಿ ಬಿಚ್ಚಿ ನೋಡಿ ‘ಇದೇನು ಇಷ್ಟೊಂದು ತಂದಿರಿ’ ಎನ್ನುವುದು ನಮ್ಮ ಮನೆಗಳಲ್ಲಿ ದಿನವೂ ನಡೆಯುವಂತಹುದು. ಸಂಪಾದನಕಾರರು ಆ ಮಾತನ್ನು ಗೋಷ್ಠಿಯ ಮಗ್ಗುಲಿಗೆ ತಂದಿಟ್ಟರು. ಒಂದು ಕಡೆ ಪರಮಾರ್ಥದ ಚರ್ಚೆ, ಇನ್ನೊಂದು ಕಡೆ ಒಲೆಯ ಮುಂದಿನ ಮಾತು, ತೂಕ ಎರಡನೆಯದಕ್ಕೆ. ನಮ್ಮ ಊರುಗಳಲ್ಲಿ ಇದನ್ನು ಆಡುವವರು ಲಕ್ಕಮ್ಮನ ಕೈಯಲ್ಲಿ ಮೊರವನ್ನು ಕೊಡದೆ, ಆಶೀರ್ವಾದದ ಭಂಗಿಯಲ್ಲಿ ನಿಲ್ಲಿಸಿ, ಧ್ವನಿವರ್ಧಕದೆದುರು ವಚನ ಹೇಳಿಸುತ್ತಾರೆ. ಮಕ್ಕಳಿಗೆ ಅರ್ಥವಾಗದ ಪಾಠ ಬಾಯಿಗೆ ಬಂದರೆ ಸಾಕೆಂಬ ಈ ಪದ್ಧತಿ ಎಂದು ನಿಲ್ಲುವುದೋ!

ಈಗ ನಮ್ಮ ಕಾಲದ ಪಡಸಾಲೆಗೆ ಬರೋಣ. ಕನ್ಯಾ ನೋಡಲು ಬಂದಿದ್ದಾರೆ. ಎಲ್ಲರೂ ಕುಳಿತಿದ್ದಾರೆ. ಉಪ್ಪಿಟ್ಟು ಬಂದಿದೆ. ನಮ್ಮ ಕಡೆಯ ಯಾವ ಮನೆಯಲ್ಲಾದರೂ ನಡೆಯಬಹುದಾದ ಮಾತುಗಳನ್ನು ನಾನೇ ಹೆಣೆದು ಕೆಳಗೆ ಕೊಟ್ಟಿದ್ದೇನೆ.

ವರನ ತಂದೆ: ಮಳಿ ಹ್ಯಾಂಗ ಐತ್ರಿ ಈ ವರ್ಷ ನಿಮ್ಮ ಕಡೆ?

ಕನ್ಯೆಯ ತಂದೆ: ಮುಂಗಾರಿ ಕೈ ಕೊಡ್ತರಿ. ಹಿಂಗಾರಿ ಜೋಳ ಬಿತ್ತೀವಿ, ನೋಡಬೇಕು.

ವರನ ತಂದೆ: ಹೊಲ ಎಷ್ಟಂದ್ರಿ?

ಕನ್ಯೆಯ ತಂದೆ: ಹನ್ನೊಂದು ಎಕರೆ ಇತ್ತರಿ. ದೊಡ್ಡಾಕಿ ಲಗ್ನದಾಗ ಮೂರು ಹೋತು.

ವರನ ತಾಯಿ: ನಮಗೇನೂ ಬ್ಯಾಡ್ರಿ ಯಕ್ಕಾ. ನಿಮ್ಮ ಮಗಳಿಗೆ ನೀವು ಹ್ಯಾಂಗ ಮಾಡ್ತೀರೋ ಮಾಡ್ರಿ. ನಮ್ಮ ಹಿರೇಸೊಸಿ ಮನಿಯವರಿಗೂ ಹಂಗ ಅಂದಿದ್ವಿ. ಪಾಪ, ಅವರು ಏನೂ ಕಡಿಮಿ ಮಾಡಲಿಲ್ಲ.

ಕನ್ಯೆಯ ತಾಯಿ: ಉಪ್ಪಿಟ್ಟು ಇನ್ನೊಂದೀಟು ಹಾಕಲೇನ್ರಿ?

ವರನ ತಂದೆ: ಏನು ಕಲ್ತೀಯವ್ವಾ? ಮುಂದ ನೌಕರಿ ಮಾಡೂ ವಿಚಾರ ಐತೇನು?

ಕನ್ಯೆಯ ತಂದೆ: ಏ, ಇಲ್ರಿ. ಸುಮ್ನ ಕಲ್ತಾಳ.

ವರದಕ್ಷಿಣೆಯನ್ನು ನಿಷೇಧಿಸುವ ಕಾಯಿದೆ 1961ರಲ್ಲಿಯೇ ಬಂದಿದೆ. ಮೇಲಿನ ಮಾತುಗಳಲ್ಲಿ ಆ ಶಬ್ದ ಒಮ್ಮೆಯೂ ಬಂದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಯಾರೂ ಏನನ್ನೂ ಕೇಳಿಲ್ಲ. ಮಳೆಯ ವಿಚಾರ ಹೊಲಕ್ಕೆ ಬಂತು, ಹೊಲದ ವಿಚಾರ ಹಿರಿಯ ಮಗಳ ಮದುವೆಗೆ ಬಂತು. ‘ಮೂರು ಹೋತು’ ಎಂದು ತಂದೆ ಹೇಳುವಾಗ ಮಾರಿದೆವು ಎನ್ನುವುದಿಲ್ಲ. ಹೊಲ ತಾನಾಗಿಯೇ ಎದ್ದು ಹೋದಂತೆ ಹೇಳುತ್ತಾನೆ. ‘ನಮಗೇನೂ ಬ್ಯಾಡ’ ಎಂಬುದಕ್ಕೆ ಹಿರೇಸೊಸೆಯ ಮನೆಯವರ ಲೆಕ್ಕ ಅಂಟಿಕೊಂಡೇ ಬರುತ್ತದೆ. ಆ ಮಾತಿಗೆ ಉತ್ತರ ಕೊಡಲಾರದ ತಾಯಿ ಉಪ್ಪಿಟ್ಟಿನ ಪಾತ್ರೆಗೆ ಕೈ ಹಾಕುತ್ತಾಳೆ. ಇನ್ನು ಮಗಳನ್ನು ಕೇಳಿದ ಪ್ರಶ್ನೆಗೆ ಉತ್ತರ ತಂದೆಯದು. ‘ಸುಮ್ನ’ ಎಂಬ ಆ ಎರಡಕ್ಷರದಲ್ಲಿ ಹುಡುಗಿ ನಿದ್ದೆಗೆಟ್ಟು ಓದಿದ ವರ್ಷಗಳೆಲ್ಲ ಮುಗಿದುಹೋದವು. ಅವನು ದುಷ್ಟನೇನೂ ಅಲ್ಲ. ಮಗಳ ಮದುವೆ ಮುರಿಯಬಾರದೆಂಬ ಭಯದಿಂದ ಹಾಗೆಂದನು.

ಇದನ್ನು ನಾಟಕವಾಗಿಸಲು ಏನನ್ನು ಸೇರಿಸಬೇಕು? ಹೆಚ್ಚಿನದೇನೂ ಬೇಡ. ತೆಗೆಯುವುದು ಬಹಳವುಂಟು. ನಿಜವಾದ ಪಡಸಾಲೆಯಲ್ಲಿ ಈ ಎಂಟು ಮಾತುಗಳು ಒಂದು ಗಂಟೆಯ ಹರಟೆಯಲ್ಲಿ ಚದುರಿರುತ್ತವೆ. ನಡುವೆ ಬಸ್ಸಿನ ವೇಳೆ, ಸಂಬಂಧಿಕರ ಆರೋಗ್ಯ, ಚಹಾದ ಸಕ್ಕರೆ ಎಲ್ಲ ಬಂದುಹೋಗುತ್ತವೆ. ಚದುರಿರುವುದರಿಂದಲೇ ಅವು ಯಾರನ್ನೂ ನೋಯಿಸದೆ ತಪ್ಪಿಸಿಕೊಳ್ಳುತ್ತವೆ. ಬರೆಯುವವನು ಅವುಗಳನ್ನು ಹತ್ತಿರ ತರಬೇಕು. ಹೊಸದಾಗಿ ಬರೆಯುವವರು ಮಾಡುವ ಕೆಲಸವೆಂದರೆ, ಇಬ್ಬರಿಗೂ ತಿಳಿದಿರುವುದನ್ನು ಒಬ್ಬರಿಂದ ಇನ್ನೊಬ್ಬರಿಗೆ ಹೇಳಿಸುವುದು. ‘ನನ್ನ ಹಿರಿಯ ಮಗಳಾದ ಇಂಥವಳನ್ನು ಇಂಥ ಊರಿಗೆ ಕೊಟ್ಟದ್ದು ನಿನಗೆ ತಿಳಿದೇ ಇದೆ’ ಎಂದು ಯಾವ ಗಂಡನೂ ಹೆಂಡತಿಗೆ ಹೇಳುವುದಿಲ್ಲ. ಪ್ರೇಕ್ಷಕರು ಅಷ್ಟು ದಡ್ಡರಲ್ಲ. ಎರಡು ಮಾತು ಕೇಳಿದರೆ ಮನೆತನದ ಲೆಕ್ಕವೆಲ್ಲ ಅವರಿಗೆ ತಿಳಿಯುತ್ತದೆ. ಇನ್ನೊಂದು, ಗೋಡೆಯನ್ನು ತೆಗೆಯಬೇಕು. ಮನೆಯಲ್ಲಿ ಪಡಸಾಲೆಯವರಿಗೆ ಅಡುಗೆಮನೆಯ ಬಾಗಿಲ ಹಿಂದೆ ನಿಂತ ಹುಡುಗಿ ಕಾಣಿಸುವುದಿಲ್ಲ. ರಂಗದ ಮೇಲೆ ಪ್ರೇಕ್ಷಕರಿಗೆ ಎರಡೂ ಕೋಣೆಗಳು ಏಕಕಾಲಕ್ಕೆ ಕಾಣಿಸುತ್ತವೆ. ‘ನಮಗೇನೂ ಬ್ಯಾಡ್ರಿ’ ಎಂಬ ಮಾತು ಈ ಕಡೆ, ಅದನ್ನು ಕೇಳುವ ಮುಖ ಆ ಕಡೆ.

ಜನ ಆಡಿದ ಮಾತನ್ನು ಒಂದಕ್ಷರವೂ ಬದಲಿಸದೆ ರಂಗಕ್ಕೆ ತರುವ ಪ್ರಯೋಗಗಳು ಹೊರನಾಡುಗಳಲ್ಲಿ ನಡೆದಿವೆ. ಅಮೆರಿಕದ ಅನ್ನಾ ಡೀವರ್ ಸ್ಮಿತ್ ಎಂಬ ನಟಿ 1991ರಲ್ಲಿ ನ್ಯೂಯಾರ್ಕಿನ ಕ್ರೌನ್ ಹೈಟ್ಸ್ ಬಡಾವಣೆಯಲ್ಲಿ ಕರಿಯರಿಗೂ ಯೆಹೂದಿಗಳಿಗೂ ಗಲಭೆಯಾದಾಗ ಎರಡೂ ಕಡೆಯವರನ್ನು ಸಂದರ್ಶಿಸಿ, ಅವರ ತೊದಲು, ತಡವರಿಕೆಗಳ ಸಮೇತ ಕಲಿತು, ಎಲ್ಲರ ಪಾತ್ರಗಳನ್ನೂ ತಾವೊಬ್ಬರೇ ಅಭಿನಯಿಸಿದರು. ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ 2011ರಲ್ಲಿ ಬಂದ ‘ಲಂಡನ್ ರೋಡ್’ ಇಪ್ಸ್‌ವಿಚ್ ಊರಿನ ಒಂದು ಬೀದಿಯವರ ಮಾತುಗಳನ್ನು ಹಾಗೆಯೇ ಹಾಡಾಗಿಸಿತು. ಆ ಬೀದಿಯಲ್ಲಿ ವಾಸವಾಗಿದ್ದವನೊಬ್ಬ 2006ರಲ್ಲಿ ಐವರು ಹೆಂಗಸರನ್ನು ಕೊಂದಿದ್ದ. ಮನುಷ್ಯ ತಡವರಿಸುವ ಜಾಗದಲ್ಲಿಯೇ ಅವನ ಮನಸ್ಸು ಇರುತ್ತದೆಂಬುದು ಇವರ ನಂಬಿಕೆ. ನಮ್ಮ ಉಪ್ಪಿಟ್ಟಿನ ಪಾತ್ರೆಗೂ ಅದೇ ನ್ಯಾಯ.

ಆದರೆ ಅವರು ಕೇಳಿ, ಒಪ್ಪಿಗೆ ಪಡೆದು ಮಾತನ್ನು ಸಂಗ್ರಹಿಸಿದವರು. ನಮ್ಮ ಊರುಗಳ ಸ್ಥಿತಿ ಬೇರೆ. ಇಲ್ಲಿ ಒಂದು ಮಾತಿನ ಧಾಟಿಯಿಂದಲೇ ಅದು ಯಾರ ಮನೆಯದೆಂದು ಮೂರನೆಯ ಸಾಲಿನಲ್ಲಿ ಕುಳಿತವರು ಗುರುತಿಸಿಬಿಡುತ್ತಾರೆ. ನೆರೆಯ ಸೊಸೆ ಬಾವಿಕಟ್ಟೆಯಲ್ಲಿ ನಂಬಿ ಹೇಳಿದ ಮಾತನ್ನು ರಂಗದ ಮೇಲೆ ಹೇಳಿಸಿದರೆ, ನಾಟಕ ಮುಗಿದ ಮೇಲೆ ಮನೆಗೆ ಹೋಗಬೇಕಾದವಳು ಅವಳು, ನಾವಲ್ಲ. ಮೂರು ನಾಲ್ಕು ಮನೆಗಳ ಮಾತುಗಳನ್ನು ಬೆರೆಸಿ, ಊರು, ಕಸುಬು, ನಂಟುಗಳನ್ನು ಬದಲಿಸಿ, ಯಾರ ಬೆರಳೂ ಯಾರತ್ತಲೂ ತೋರದಂತೆ ಮಾಡಬೇಕು. ಮೊಬೈಲಿನಲ್ಲಿ ಗುಟ್ಟಾಗಿ ಧ್ವನಿಮುದ್ರಿಸಿಕೊಳ್ಳುವ ಈಗಿನ ಚಾಳಿಯನ್ನಂತೂ ನಾನು ಒಪ್ಪಲಾರೆ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಊರಿನ ಅಕ್ಕನ ಬಳಗದವರು ಶ್ರಾವಣದ ಕಾರ್ಯಕ್ರಮಕ್ಕೆ ಇಂತಹುದೇ ಒಂದು ಕಿರುನಾಟಕವನ್ನು ಆಡಿದರು. ಬರೆದವರು ನಿವೃತ್ತ ಶಿಕ್ಷಕಿಯೊಬ್ಬರು. ಕೊನೆಯಲ್ಲಿ ಹುಡುಗಿ ಎದ್ದು ನಿಂತು ವರದಕ್ಷಿಣೆಯ ವಿರುದ್ಧ ಭಾಷಣ ಮಾಡಲಿ ಎಂದು ಬಳಗದ ಕೆಲವರು ಸೂಚಿಸಿದರು. ಶಿಕ್ಷಕಿ ಒಪ್ಪಲಿಲ್ಲ. ಭಾಷಣವಾದರೆ ಎಲ್ಲರೂ ಚಪ್ಪಾಳೆ ಹೊಡೆದು ಎದ್ದು ಹೋಗುತ್ತಾರೆ ಎಂಬುದು ಅವರ ವಾದ. ಹುಡುಗಿಗೆ ಒಂದೇ ಒಂದು ಮಾತೂ ಇರಲಿಲ್ಲ. ಮೊದಮೊದಲು ಗಂಡಸರ ಕಡೆಯಿಂದ ಜೋರಾದ ನಗೆ ಬರುತ್ತಿತ್ತು. ತಮ್ಮ ಬೀಗರನ್ನೇ ನೋಡಿದಂತಾಯಿತೆಂದು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ‘ಸುಮ್ನ ಕಲ್ತಾಳ’ ಎಂಬರ್ಥದ ಮಾತು ಅಲ್ಲಿಯೂ ಬಂತು. ನಗೆ ಅಲ್ಲಿಗೆ ನಿಂತಿತು.

ಮುಗಿದ ಮೇಲೆ ಪ್ರಸಾದಕ್ಕೆ ಕುಳಿತಾಗ ವಯಸ್ಸಾದ ತಾಯಿಯೊಬ್ಬರು ಶಿಕ್ಷಕಿಯನ್ನು ಕರೆದು ಹೇಳಿದರು: ‘ಎಲ್ಲಾ ಬರೋಬ್ಬರಿ ಐತವ್ವಾ. ಒಂದು ತಪ್ಪೇತಿ. ಹುಡುಗನ ಅವ್ವ ಹಂಗ ಕುಂತಲ್ಲೇ ಕುಂಡ್ರೂದಿಲ್ಲ. ನೀರು ಬೇಕಂತ ಹೇಳಿ ಎದ್ದು ಅಡಗಿಮನಿಗೆ ಹೋಗ್ತಾಳ, ನೋಡಾಕ.’ ಸುತ್ತಲಿದ್ದ ಹೆಂಗಸರೆಲ್ಲ ಹೌದು ಹೌದೆಂದರು. ನೆರೆಯ ಊರಿನಲ್ಲಿ ಎರಡನೆಯ ಸಲ ಆಡುವಾಗ ಅದನ್ನು ಸೇರಿಸಿಕೊಂಡರು. ವರನ ತಾಯಿ ನೀರಿನ ನೆಪದಿಂದ ಏಳುತ್ತಾಳೆ, ಒಳಗೆ ಹೋಗುತ್ತಾಳೆ, ಒಲೆಯ ಬಳಿ ನಿಂತ ಹುಡುಗಿಯ ಎದುರಿಗೆ ಬರುತ್ತಾಳೆ. ಪಡಸಾಲೆಯ ಮಾತು ಅಷ್ಟರಲ್ಲಿ ನಿಂತಿರುತ್ತದೆ. ಇಬ್ಬರೇ ಹೆಂಗಸರು; ಇಂತಹ ಅಡುಗೆಮನೆಯೊಂದರಲ್ಲಿ ಹಿರಿಯಳೂ ಒಂದು ದಿನ ಹೀಗೆಯೇ ನಿಂತಿದ್ದವಳು. ಅಲ್ಲಿ ಆಕೆ ಏನೆನ್ನಬೇಕೆಂಬ ವಿಷಯದಲ್ಲಿ ಬಳಗದವರಲ್ಲಿ ಇನ್ನೂ ಒಮ್ಮತವಾಗಿಲ್ಲ. ಸದ್ಯಕ್ಕೆ ಆಕೆ ತಂಬಿಗೆಯನ್ನು ತೆಗೆದುಕೊಂಡು, ನೀರು ಕುಡಿಯದೆ, ಹಾಗೆಯೇ ಹಿಡಿದು ನಿಲ್ಲುತ್ತಾಳೆ.